ಹಸಿರಾಗಿ ಕಂಡ ಹಡಿಲು: ಸುವರ್ಣಾ ದಂಡೆಯ ಒಂದು ಬೈಲಿನ ಪ್ರಕರಣ ಅಧ್ಯಯನ

ಕಲ್ಯಾಣಪುರದ ಸೇತುವೆಯಲ್ಲಿ ಸುವರ್ಣಾ ನದಿಯನ್ನು ದಾಟಿ ಬ್ರಹ್ಮಾವರದ ಕಡೆಗೆ ಹೋಗುವ ಹೆದ್ದಾರಿಯಿಂದ ಒಳದಾರಿ ಹಿಡಿದರೆ, ತೆಂಗಿನ ತೋಟ ಮತ್ತು ಹೊಸ ಮನೆಗಳ ಸಾಲಿನ ಹಿಂದೆ, ವಾಹನದಲ್ಲಿ ಹೋಗುವವರ ಕಣ್ಣಿಗೆ ಬೀಳದಂತೆ, ಬೈಲುಗಳು, ಅಂದರೆ ಗದ್ದೆಗಳ ತಗ್ಗು ಹರವುಗಳು, ಒಂದರ ಬೆನ್ನಿಗೊಂದು ಹರಡಿಕೊಂಡಿವೆ. ಅಂಥ ಒಂದು ಬೈಲಿನಲ್ಲಿ ಯಾವ ಗದ್ದೆಗಳು ಹಡಿಲು ಬಿದ್ದಿವೆ, ಎಂದಿನಿಂದ ಬಿದ್ದಿವೆ, ಮತ್ತೆ ಬೇಸಾಯಕ್ಕೆ ಬಂದ ಗದ್ದೆಗಳು ಬೇಸಾಯದಲ್ಲೇ ಉಳಿದಿವೆಯೇ ಎಂಬುದನ್ನು ಉಪಗ್ರಹ ದತ್ತಾಂಶದ ನೆರವಿನಿಂದ ತಿಳಿಯಲು ನಾವು ಕೆಲವರು ಸೇರಿ ಮಾಡಿದ ಪ್ರಯತ್ನದ ವಿವರ ಇದು. ಊರಿನ ಹೆಸರನ್ನೂ ಸರ್ವೆ ನಂಬರುಗಳನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅದರ ಕಾರಣ ಬರಹದ ಕೊನೆಯ ಭಾಗದಲ್ಲಿ ತಾನಾಗಿ ತಿಳಿಯುತ್ತದೆ.

ಹಡಿಲು ಎಂದರೆ ಬೇಸಾಯ ಬಿಟ್ಟ ಗದ್ದೆ. ಬಯಲುಸೀಮೆಯವರು ಬೀಳು ಎನ್ನುವುದಕ್ಕೂ ಕರಾವಳಿಯವರು ಹಡಿಲು ಎನ್ನುವುದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಬೀಳು ಭೂಮಿ ಒಣಗಿ ಬರಡಾಗಿ ಕಾಣುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಉಡುಪಿಯಲ್ಲಿ ಬಿಟ್ಟ ಗದ್ದೆ ಒಂದೇ ಮಳೆಗಾಲದಲ್ಲಿ ಹುಲ್ಲು ತುಂಬಿಕೊಂಡು, ಎರಡನೆಯದರಲ್ಲಿ ಆಳೆತ್ತರದ ಜೊಂಡು ಬೆಳೆಸಿಕೊಂಡು, ಕೆಲವೇ ವರ್ಷಗಳಲ್ಲಿ ಪೊದೆಯೂ ಮರವೂ ಆಗುತ್ತದೆ. ಈ ವ್ಯತ್ಯಾಸವನ್ನು ಮೊದಲೇ ಗಮನಕ್ಕೆ ತಂದುಕೊಂಡಿದ್ದರೆ ನಮ್ಮ ಮೊದಲ ನಕ್ಷೆ ಅಷ್ಟು ಹಾಸ್ಯಾಸ್ಪದವಾಗುತ್ತಿರಲಿಲ್ಲ.

ಹಡಿಲಿನ ಮಾತು ಉಡುಪಿಯಲ್ಲಿ ಸಾರ್ವಜನಿಕವಾಗಿ ದೊಡ್ಡದಾದದ್ದು 2021ರಲ್ಲಿ. ಕೋವಿಡ್ ಕಾಲದಲ್ಲಿ ಪರವೂರುಗಳಿಂದ ಅನೇಕರು ಮನೆಗೆ ಮರಳಿದ್ದರು. ಆಗಿನ ಶಾಸಕ ಕೆ. ರಘುಪತಿ ಭಟ್ ಅವರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿಯಲ್ಲಿ ಬೇಸಾಯ ಮಾಡಿಸುವ ಆಂದೋಲನವನ್ನು ನಡೆಸಿತು. ನೂರಾರು ಎಕರೆಗಳಲ್ಲಿ ನಾಟಿ ನಡೆಯಿತು. ಸಂಘ ಸಂಸ್ಥೆಗಳವರು, ವಿದ್ಯಾರ್ಥಿಗಳು ಕೆಸರಿಗಿಳಿದರು. ಅದರ ಫಲಿತಾಂಶವನ್ನು ಅಳೆಯುವುದು ಈ ಬರಹದ ಉದ್ದೇಶವಲ್ಲ. ಆದರೆ ಆ ಉತ್ಸಾಹದ ನಂತರ ನಮ್ಮ ಬೈಲಿನ ಕೃಷಿಕರೊಬ್ಬರು ಕೇಳಿದ ಪ್ರಶ್ನೆಯಿಂದಲೇ ಈ ಕೆಲಸ ಆರಂಭವಾಯಿತು. ‘ಒಂದು ವರ್ಷ ನೇಜಿ ನೆಟ್ಟದ್ದನ್ನು ಎಲ್ಲರೂ ಫೋಟೋ ತೆಗೆದಿದ್ದಾರೆ, ಎರಡನೇ ವರ್ಷ, ಮೂರನೇ ವರ್ಷ ನೆಟ್ಟರೋ ಇಲ್ಲವೋ ಎಂದು ನೋಡಿಟ್ಟುಕೊಳ್ಳುವವರು ಯಾರು?’ ಸುಸ್ಥಿರ ಅಭಿವೃದ್ಧಿಯ ಮೇಲ್ವಿಚಾರಣೆ ಎಂದು ವರದಿಗಳಲ್ಲಿ ಬರೆಯುವ ಮಾತನ್ನು ಅವರು ತಮ್ಮ ಮಾತಿನಲ್ಲಿ ಕೇಳಿದ್ದರು ಅಷ್ಟೆ.

ಬೈಲು ಮತ್ತು ಅದರ ದಾಖಲೆ

ಇಲ್ಲಿನ ಗದ್ದೆಗಳನ್ನು ಎತ್ತರ ಮತ್ತು ನೀರಿನ ಲೆಕ್ಕದಲ್ಲಿ ಮೂರಾಗಿ ಹೇಳುವ ರೂಢಿ ಹಳೆಯದು. ತೀರ ತಗ್ಗಿನಲ್ಲಿದ್ದು ಬಹುಕಾಲ ನೀರು ನಿಲ್ಲುವುದು ಬೈಲು ಗದ್ದೆ. ಅದಕ್ಕಿಂತ ಮೇಲಿನ ಮೆಟ್ಟಿಲು ಮಜಲು. ಮಳೆಯ ನೀರನ್ನೇ ನೆಚ್ಚಿಕೊಂಡ ಎತ್ತರದ ಗದ್ದೆ ಬೆಟ್ಟು. ಬೆಳೆಯೂ ಅದಕ್ಕೆ ತಕ್ಕಂತೆ: ಬೆಟ್ಟಿನಲ್ಲಿ ಮಳೆಗಾಲದ ಏಣಿಲು ಮಾತ್ರ, ಮಜಲಿನಲ್ಲಿ ಏಣಿಲಿನ ನಂತರ ಸುಗ್ಗಿ ಎಂಬ ಎರಡನೆಯ ಬೆಳೆ, ಬೈಲಿನಲ್ಲಿ ನೀರಿದ್ದರೆ ಮೂರನೆಯ ಕೊಳಕೆ. ಈಗ ಕೊಳಕೆ ಎಂಬುದು ಹೆಚ್ಚಾಗಿ ಹಿರಿಯರ ಮಾತಿನಲ್ಲಷ್ಟೇ ಉಳಿದಿದೆ. ಏಣಿಲಿನ ನಂತರ ಉದ್ದು ಬಿತ್ತುವವರು, ಮರಳು ಮಣ್ಣಿನ ಕಡೆ ನೆಲಗಡಲೆ ಹಾಕುವವರು ಇದ್ದಾರೆ. ಒಂದೇ ಬೈಲಿನೊಳಗೆ ಇಷ್ಟು ಬಗೆಯ ಬೆಳೆಕ್ರಮ ಇರುವುದರಿಂದ, ಯಾವುದೋ ಒಂದು ತಿಂಗಳ ಒಂದು ಚಿತ್ರವನ್ನು ನೋಡಿ ಇದು ಬೇಸಾಯದ ಗದ್ದೆ, ಇದು ಹಡಿಲು ಎಂದು ತೀರ್ಮಾನಿಸಲು ಬರುವುದಿಲ್ಲ.

ಸರಕಾರಿ ದಾಖಲೆಯ ಮಟ್ಟಿಗೆ ಹೇಳುವುದಾದರೆ, ಭೂಮಿ ಯೋಜನೆಯ ಮೂಲಕ ಪಹಣಿಗಳು ಗಣಕೀಕೃತವಾಗಿ ಎರಡು ದಶಕಗಳೇ ಕಳೆದಿವೆ. ಬೆಳೆ ಸಮೀಕ್ಷೆಯನ್ನು ಈಗ ಆ್ಯಪ್ ಮೂಲಕ, ಜಾಗದಲ್ಲಿ ನಿಂತು ಫೋಟೋ ತೆಗೆದು ಮಾಡುವ ವ್ಯವಸ್ಥೆ ರಾಜ್ಯದಲ್ಲಿದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪಿನಲ್ಲಿ, ನಿಂತ ಜಾಗ ಯಾವ ಸರ್ವೆ ನಂಬರಿನದು ಎಂಬುದು ಮೊಬೈಲಿನಲ್ಲೇ ಸಿಗುತ್ತದೆ. ಇವೆಲ್ಲ ಒಳ್ಳೆಯ ಸಾಧನಗಳೇ. ಆದರೂ ನಾವು ಕಂಡ ಕೆಲವು ಪಹಣಿಗಳಲ್ಲಿ ಹತ್ತಾರು ವರ್ಷಗಳಿಂದ ನೇಗಿಲು ಕಾಣದ ಗದ್ದೆಯ ಎದುರು ಭತ್ತ ಎಂದೇ ಬರೆದಿತ್ತು. ಇದರಲ್ಲಿ ಯಾರದ್ದೋ ಕಳ್ಳತನವಿದೆ ಎಂದು ನಾನು ಹೇಳುವುದಿಲ್ಲ. ಹಿಂದಿನ ವರ್ಷದ ನಮೂದು ಮುಂದಿನ ವರ್ಷಕ್ಕೆ ಸಾಗಿ ಬರುವುದು ಕಾಗದದ ಕಾಲದಲ್ಲೂ ಇದ್ದ ಅಭ್ಯಾಸ.

ಇನ್ನೊಂದು ಸಣ್ಣ ಸಂಗತಿ: ಕರ್ನಾಟಕದ ಹೆಚ್ಚಿನ ಭಾಗ ಗುಂಟೆಯಲ್ಲಿ ಅಳೆಯುವಾಗ ಅವಿಭಜಿತ ದಕ್ಷಿಣ ಕನ್ನಡ ಇಂದಿಗೂ ಸೆಂಟ್ಸಿನಲ್ಲಿ ಅಳೆಯುತ್ತದೆ, 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರ ಉಳಿಕೆ ಅದು. ಎಕರೆಗೆ ನೂರು ಸೆಂಟ್ಸ್, ಒಂದು ಸೆಂಟ್ಸಿಗೆ ಸುಮಾರು 40 ಚದರ ಮೀಟರ್. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಮೊದಲ ನಕ್ಷೆಯ ಸೋಲು

ಮೊದಲು ನಾವು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿಯನ್ನೇ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತ. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಕಕ್ಷೆಗೆ ಸೇರಿದ್ದು, ಈ ಸರಣಿಯ ಉಪಗ್ರಹಗಳು ಜೋಡಿಯಾಗಿ ಐದು ದಿನಕ್ಕೊಮ್ಮೆ ಅದೇ ಜಾಗವನ್ನು ನೋಡುತ್ತವೆ. ಗೋಚರ ಬೆಳಕು ಮತ್ತು ಸಮೀಪದ ಅವಗೆಂಪು ಪಟ್ಟಿಗಳಲ್ಲಿ ಹತ್ತು ಮೀಟರಿನ ಚೌಕಗಳಾಗಿ ನೆಲವನ್ನು ದಾಖಲಿಸುತ್ತವೆ. ಜೀವಂತ ಎಲೆ ಕೆಂಪು ಬೆಳಕನ್ನು ಹೀರಿ ಅವಗೆಂಪನ್ನು ಹಿಂದಕ್ಕೆ ಎಸೆಯುತ್ತದೆ ಎಂಬ ಸ್ವಭಾವವನ್ನು ಆಧರಿಸಿ, ಆ ಎರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಎನ್‌ಡಿವಿಐ ಎಂದು ಹೆಸರು. ಒಂದಕ್ಕೆ ಹತ್ತಿರವಾದಷ್ಟೂ ದಟ್ಟ ಹಸಿರು; ಸೊನ್ನೆಯ ಹತ್ತಿರ ಬರಿ ಮಣ್ಣು; ಸೊನ್ನೆಗಿಂತ ಕೆಳಗೆ ನೀರು. ನಾವು ಹೆಚ್ಚು ಸಂಖ್ಯೆಯ ಚೌಕಗಳಿಗೆ ಹಸಿರು, ಕಡಿಮೆಯವಕ್ಕೆ ಕಂದು ಬಣ್ಣ ಕೊಟ್ಟು, ಹಸಿರು ಬೇಸಾಯ, ಕಂದು ಹಡಿಲು ಎಂಬ ನಕ್ಷೆಯೊಂದನ್ನು ಸಿದ್ಧಪಡಿಸಿ, ದೊಡ್ಡ ಕಾಗದದಲ್ಲಿ ಮುದ್ರಿಸಿ, ಬೈಲಿನ ಹಿರಿಯರೊಬ್ಬರ ಜಗಲಿಯಲ್ಲಿ ಬಿಡಿಸಿ ಹಾಸಿದೆವು.

ಅವರು ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿ, ತೋಡು, ಅಂದರೆ ಬೈಲಿನ ನೀರು ಹರಿಯುವ ಕಾಲುವೆ, ಎಲ್ಲಿ ಎಂದು ಕೇಳಿ ತಿಳಿದುಕೊಂಡು, ಅಲ್ಲಿಂದ ಗದ್ದೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಗುರುತಿಸಿದರು. ಆಮೇಲೆ ನಕ್ಕರು. ನಾವು ಹಸಿರು ಹಾಕಿದ್ದರಲ್ಲಿ ಹೆಚ್ಚಿನವು ಹಡಿಲು. ಕಂದು ಹಾಕಿದ್ದು ಆಗಷ್ಟೇ ಕೊಯ್ಲು ಮುಗಿದ ಒಳ್ಳೆಯ ಗದ್ದೆ. ನವೆಂಬರಿನ ಚಿತ್ರ ಅದು. ಕೊಯ್ದ ಗದ್ದೆಯಲ್ಲಿ ಕೂಳೆ ಮಾತ್ರ ಉಳಿದಿದ್ದಾಗ ಪಕ್ಕದ ಹಡಿಲಿನಲ್ಲಿ ಪೊದೆ ನಳನಳಿಸುತ್ತಿತ್ತು. ನಕ್ಷೆಯ ಬಣ್ಣಗಳನ್ನು ತಲೆಕೆಳಗು ಮಾಡಿದ್ದರೆ ಸತ್ಯಕ್ಕೆ ಇನ್ನಷ್ಟು ಹತ್ತಿರವಾಗುತ್ತಿತ್ತು ಎಂಬುದು ನಗುವಿನ ಮಾತಾದರೂ ನಿಜ.

ಹಾಗಾದರೆ ಬೆಳೆ ನಿಂತಿರುವ ಕಾಲದ ಚಿತ್ರವನ್ನೇ ನೋಡಬಾರದೇ ಎಂದು ಯಾರಾದರೂ ಕೇಳಬಹುದು. ಏಣಿಲು ಬೆಳೆಯ ಆಯುಷ್ಯ ಕಾರ್ತೆಲಿನಿಂದ ನಿರ್ನಾಲದವರೆಗೆ, ಅಂದರೆ ಜೂನ್ ನಡುವಿನಿಂದ ಅಕ್ಟೋಬರಿನವರೆಗೆ. ಅದರಲ್ಲಿ ಹೆಚ್ಚಿನ ದಿನ ಕರಾವಳಿಯ ಮೇಲೆ ಮೋಡದ ಚಪ್ಪರ. ಐದು ದಿನಕ್ಕೊಮ್ಮೆ ಉಪಗ್ರಹ ಬರುತ್ತದೆ, ಮೋಡದ ಬೆನ್ನನ್ನು ನೋಡಿ ಹೋಗುತ್ತದೆ. ಆಟಿ ತಿಂಗಳ, ಅಂದರೆ ಜುಲೈ ಆಗಸ್ಟಿನ, ಒಂದೇ ಒಂದು ಶುಭ್ರ ಚಿತ್ರಕ್ಕಾಗಿ ಹಲವು ವರ್ಷಗಳ ಸಂಗ್ರಹವನ್ನು ಜಾಲಾಡಿದೆವು. ಸಿಕ್ಕ ಒಂದೆರಡು ಬಿಡುವುಗಳಲ್ಲಿ ಇಡೀ ಬೈಲು, ಪೈರು, ಹುಲ್ಲು, ಪೊದೆ, ತೋಟ ಎಂಬ ಭೇದವಿಲ್ಲದೆ ಒಂದೇ ಹಸಿರಿನಲ್ಲಿ ಮುಳುಗಿತ್ತು.

ನೀರನ್ನು ನೋಡುವ ದಾರಿ

ಅದೇ ಜಗಲಿಯ ಮಾತುಕತೆಯಲ್ಲಿ ಪರಿಹಾರದ ಎಳೆಯೂ ಇತ್ತು. ದೂರದಿಂದ ನೋಡಿ ಹಡಿಲನ್ನು ನೀವು ಹೇಗೆ ಗುರುತಿಸುತ್ತೀರಿ ಎಂದು ಕೇಳಿದಾಗ ಆ ಹಿರಿಯರು ಹಸಿರಿನ ಮಾತನ್ನೇ ಎತ್ತಲಿಲ್ಲ. ‘ನಾಟಿಯ ಸಮಯದಲ್ಲಿ ನೀರು ಹೊಳೆಯುತ್ತದೋ ನೋಡಬೇಕು’ ಎಂದರು. ಗದ್ದೆಗೆ ಪುಣಿ (ಬದು) ಕಟ್ಟಿ, ನೀರು ನಿಲ್ಲಿಸಿ, ಉತ್ತು, ಹದ ಮಾಡಿದಾಗ ಕೆಲವು ವಾರಗಳ ಮಟ್ಟಿಗೆ ಅದು ಕನ್ನಡಿಯಾಗುತ್ತದೆ. ಆಮೇಲೆ ಪೈರು ಮೇಲೆದ್ದು ಕನ್ನಡಿಯನ್ನು ಮುಚ್ಚುತ್ತದೆ. ಹಡಿಲು ಗದ್ದೆ ಎಂದೂ ಕನ್ನಡಿಯಾಗುವುದಿಲ್ಲ, ಏಕೆಂದರೆ ನೀರಿದ್ದರೂ ಅದರ ಮೇಲೆ ಜೊಂಡು ನಿಂತಿರುತ್ತದೆ.

ಇದು ರೇಡಾರ್ ಉಪಗ್ರಹದ ತತ್ತ್ವವೇ ಆಗಿದೆ. 2014ರಲ್ಲಿ ಹಾರಿದ ಸೆಂಟಿನೆಲ್-1 ಬೆಳಕನ್ನು ಕಾಯುವುದಿಲ್ಲ. ತಾನೇ ಐದೂವರೆ ಸೆಂಟಿಮೀಟರಿಗೆ ಹತ್ತಿರದ ತರಂಗಾಂತರದ ಸೂಕ್ಷ್ಮತರಂಗವನ್ನು ಓರೆಯಾಗಿ ನೆಲಕ್ಕೆ ಕಳಿಸಿ, ಮರಳಿ ಬಂದ ಅಂಶವನ್ನು ಅಳೆಯುತ್ತದೆ. ಮೋಡ ಅದಕ್ಕೆ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನಿಂತ ನೀರಿನ ನಯವಾದ ಮೈಗೆ ಬಿದ್ದ ತರಂಗ ಅತ್ತ ಕಡೆಗೆ ಜಾರಿ ಹೋಗುವುದರಿಂದ ಉಪಗ್ರಹಕ್ಕೆ ಏನೂ ಮರಳದೆ ಆ ಗದ್ದೆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಪೈರು ತೆನೆಯೊಡೆಯುವ ಹೊತ್ತಿಗೆ ದಂಟು ಎಲೆಗಳ ನಡುವೆ ತರಂಗ ಚದುರಿ ಗದ್ದೆ ಬೆಳ್ಳಗಾಗುತ್ತದೆ. ಪೊದೆ ಬೆಳೆದ ಹಡಿಲು ಜೂನಿನಿಂದ ಅಕ್ಟೋಬರಿನವರೆಗೂ ಹೆಚ್ಚುಕಡಿಮೆ ಒಂದೇ ಬಿಳುಪಿನಲ್ಲಿ ಉಳಿಯುತ್ತದೆ. ಹನ್ನೆರಡು ದಿನಕ್ಕೊಮ್ಮೆ ಒಂದು ಚಿತ್ರ ಸಿಕ್ಕರೂ ನಾಟಿಯ ಆಸುಪಾಸಿನ ವಾರಗಳಲ್ಲಿ ಎರಡೋ ಮೂರೋ ನೋಟಗಳು ದಕ್ಕುತ್ತವೆ. ಕಪ್ಪಾಗಿ ಬೆಳ್ಳಗಾದ ಗದ್ದೆ ಬೇಸಾಯದ್ದು, ಬಣ್ಣ ಬದಲಿಸದ್ದು ಹಡಿಲು ಎಂಬ ನಿಯಮವನ್ನು ನಾವು ಮೊದಲ ಕರಡಾಗಿ ಇಟ್ಟುಕೊಂಡೆವು.

ಕರಡು ಎನ್ನಲು ಕಾರಣಗಳಿವೆ. ಎಲ್ಲಕ್ಕಿಂತ ದೊಡ್ಡದು ಗದ್ದೆಯ ಗಾತ್ರ. ಹತ್ತು ಮೀಟರಿನ ಒಂದು ಚೌಕ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸೆಂಟ್ಸ್. ಹತ್ತು ಸೆಂಟ್ಸಿನ ಗದ್ದೆಯೊಂದಕ್ಕೆ ನಾಲ್ಕೇ ಚೌಕಗಳು ದಕ್ಕುತ್ತವೆ, ಅವೂ ಗದ್ದೆಯ ಅಂಚಿಗೆ ಸರಿಯಾಗಿ ಕೂರುವುದಿಲ್ಲ. ರೇಡಾರಿನ ಮಟ್ಟಿಗಂತೂ ಚೌಕ ಹತ್ತು ಮೀಟರಿನದಾಗಿ ಹಂಚಿಕೆಯಾದರೂ ಅದರ ನಿಜವಾದ ಬೇರ್ಪಡಿಸುವ ಶಕ್ತಿ ಇಪ್ಪತ್ತು ಮೀಟರಿನ ಆಸುಪಾಸಿನದು. ಅಂದರೆ ಹತ್ತು ಸೆಂಟ್ಸಿನ ಇಡೀ ಗದ್ದೆ ಅದಕ್ಕೆ ಒಂದೇ ಚುಕ್ಕೆ. ಅದರ ಮೇಲೆ ರೇಡಾರ್ ಚಿತ್ರಕ್ಕೆ ಸಹಜವಾದ, ರವೆ ಎರಚಿದಂಥ ಕಲೆಗಳು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಹಳೆಯ ಸಂಗ್ರಹದ ಮೂವತ್ತು ಮೀಟರಿನ ಚೌಕವೆಂದರೆ 22 ಸೆಂಟ್ಸ್. 2015ಕ್ಕಿಂತ ಹಿಂದಿನ ಇತಿಹಾಸವನ್ನು ತಿಳಿಯಲು ಅದೊಂದೇ ದೀರ್ಘ ಕಾಲದ ಆಕರವಾದರೂ, ಬೈಲಿನ ಒಟ್ಟು ಸ್ಥಿತಿಯನ್ನಷ್ಟೇ ಅದರಿಂದ ಹೇಳಬಹುದು, ಇಂಥವರ ಗದ್ದೆ ಎಂದು ಹೇಳಲಾಗದು. ಮಂಡ್ಯದ ನಾಲೆ ಬಯಲಿಗೋ ಗಂಗಾವತಿಯ ಭತ್ತದ ಹರವಿಗೋ ಸಲೀಸಾಗಿ ಒಗ್ಗುವ ವಿಧಾನ ಉಡುಪಿಯ ತುಂಡು ಗದ್ದೆಗಳಲ್ಲಿ ತಡವರಿಸುವುದು ಇಲ್ಲಿಯೇ.

ಮಳೆಯೂ ಮೋಸ ಮಾಡುತ್ತದೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಬಂದ ನೆರೆಯನ್ನು ಇಲ್ಲಿನವರು ಮರೆತಿಲ್ಲ; ಅಂಥ ದಿನಗಳ ಹತ್ತಿರದ ಚಿತ್ರವೊಂದನ್ನು ಮಾತ್ರ ಹಿಡಿದರೆ ಬೇಸಾಯದ ಗದ್ದೆ, ಹಡಿಲು, ಅಂಗಳ ಎಲ್ಲವೂ ನೀರೇ. ಗಾಳಿ ಜೋರಾಗಿ ಬೀಸಿ ನೀರಿನ ಮೈ ನಿರಿಗೆಗಟ್ಟಿದ್ದರೆ ಕಪ್ಪಾಗಬೇಕಾದ ಗದ್ದೆ ಕಪ್ಪಾಗುವುದಿಲ್ಲ. ನದಿಯ ಹಿನ್ನೀರಿನ ಪಕ್ಕದ ಸಿಗಡಿ ಕೆರೆ ವರ್ಷವಿಡೀ ಕಪ್ಪು. ಆದ್ದರಿಂದ ಎರಡನೆಯ ಸಾಕ್ಷಿಯೊಂದನ್ನು ಸೇರಿಸಿಕೊಂಡೆವು, ಮತ್ತು ಅದಕ್ಕೆ ನಾವು ಮೊದಲು ಸೋತಿದ್ದ ಎನ್‌ಡಿವಿಐಯೇ ಒದಗಿ ಬಂತು. ಮೋಡ ಸರಿಯುವ ಅಕ್ಟೋಬರ್ ನವೆಂಬರಿನಲ್ಲಿ ಕೊಯ್ಲಾದ ಗದ್ದೆಯ ಹಸಿರು ಒಮ್ಮೆಗೇ ಕುಸಿಯುತ್ತದೆ. ಹಡಿಲಿನ ಹಸಿರು ಮಾಗಿ, ಒಣಗಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಜುಲೈಯ ಕನ್ನಡಿ ಮತ್ತು ಅಕ್ಟೋಬರಿನ ಕುಸಿತ ಎರಡೂ ಇದ್ದರೆ ಬೇಸಾಯ. ಎರಡೂ ಇಲ್ಲದಿದ್ದರೆ ಹಡಿಲು. ಒಂದಿದ್ದು ಒಂದಿಲ್ಲದಿದ್ದರೆ ಕಾಲ್ನಡಿಗೆಯಲ್ಲಿ ಹೋಗಿ ನೋಡಬೇಕಾದ ಗದ್ದೆ.

ಪುಣಿಯ ಮೇಲೆ ನಡೆದಾಗ

ನಡೆಯುವ ಕೆಲಸವನ್ನು ಮಳೆಗಾಲದಲ್ಲಿ ಒಮ್ಮೆ, ಕೊಯ್ಲಿನ ನಂತರ ಒಮ್ಮೆ ಮಾಡಿದೆವು. ತೆಂಗಿನ ಮರಗಳ ಕೆಳಗೆ ಮೊಬೈಲಿನ ಜಿಪಿಎಸ್ ಕೆಲವು ಮೀಟರುಗಳಷ್ಟು ಅತ್ತಿತ್ತ ಸರಿಯುವುದು ಸಾಮಾನ್ಯ. ಸರಪಳಿ ಹಿಡಿದು ಅಳೆದ ಕಾಲದ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದಾಗ ಅದೂ ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಜಾರುತ್ತದೆ. ಐದು ಸೆಂಟ್ಸಿನ ಗದ್ದೆಗೆ ಈ ಎರಡು ತಪ್ಪುಗಳು ಸೇರಿದರೆ ನೆರೆಯವನ ಬೇಸಾಯ ನಮ್ಮ ಲೆಕ್ಕಕ್ಕೆ, ನಮ್ಮ ಹಡಿಲು ಅವನ ಲೆಕ್ಕಕ್ಕೆ ಹೋಗಲು ಸಾಕು. ಹಾಗಾಗಿ ಗದ್ದೆಗಳ ಗಡಿಯನ್ನು ಹಳೆಯ ನಕ್ಷೆಯಿಂದ ತೆಗೆಯುವುದನ್ನು ಬಿಟ್ಟು, ಬೇಸಿಗೆಯ ಶುಭ್ರ ಚಿತ್ರದಲ್ಲಿ ಪುಣಿಗಳನ್ನು ಕಣ್ಣಿನಿಂದಲೇ ಗುರುತಿಸಿ, ಕ್ಯುಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕೈಯಿಂದ ಬರೆದೆವು. ಬೇಸರದ ಕೆಲಸ; ಆದರೆ ಪುಣಿ ಎಲ್ಲಿ ಮಾಸಿ ಹೋಗಿದೆ ಎಂಬುದು ಗೊತ್ತಾದದ್ದು ಈ ಬೇಸರದ ಕೆಲಸದಲ್ಲೇ.

ಈ ಪ್ರಕರಣದಲ್ಲಿ ನಾನು ಮುಖ್ಯವೆಂದು ತಿಳಿಯುವ ಸಂಗತಿ ಅಲ್ಲಿಂದಲೇ ಹೊರಟಿತು. ವರ್ಷವಾರು ನಕ್ಷೆಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದಾಗ ಹಡಿಲು ಬೈಲಿನಲ್ಲಿ ಅಲ್ಲೊಂದು ಇಲ್ಲೊಂದು ಎಂದು ಚದುರಿರಲಿಲ್ಲ. ತೋಡಿನ ಗುಂಟ ಹರಡಿತ್ತು. ಮೇಲ್ಭಾಗದ ಒಂದು ಗದ್ದೆ ಬಿಟ್ಟುಹೋದ ಒಂದೆರಡು ವರ್ಷಗಳ ನಂತರ ಅದರ ಕೆಳಗಿನದು, ಅದಾದ ಮೇಲೆ ಅದರ ಪಕ್ಕದ್ದು. ನಡೆದು ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ಬಿಟ್ಟ ಗದ್ದೆಯವರು ತಮ್ಮ ಭಾಗದ ತೋಡನ್ನು ಬಿಡಿಸುವುದಿಲ್ಲ, ಪುಣಿಗೆ ಮಣ್ಣು ಕೊಡುವುದಿಲ್ಲ. ತೋಡು ಹೂಳು ತುಂಬಿ ಮಳೆಗಾಲದಲ್ಲಿ ಕೆಳಗಿನವರ ಗದ್ದೆಗೆ ಹೆಚ್ಚು ನೀರು, ಮಳೆ ನಿಂತ ಮೇಲೆ ನೀರೇ ಇಲ್ಲ. ಪೊದೆಯಲ್ಲಿ ಬೀಡು ಬಿಟ್ಟ ನವಿಲು, ಹಂದಿ ಪಕ್ಕದ ಪೈರಿಗೆ. ಟ್ರಾಕ್ಟರನ್ನೋ ಕಟಾವು ಯಂತ್ರವನ್ನೋ ಕೆಳಗಿನ ಗದ್ದೆಗೆ ಇಳಿಸಬೇಕಾದರೆ ಮೇಲಿನ ಗದ್ದೆಯನ್ನು ಹಾದು ಹೋಗಬೇಕು, ಅದು ಕಾಡಾಗಿರುತ್ತದೆ. ಒಬ್ಬರು ಬಿಟ್ಟ ಗದ್ದೆ ಹೀಗೆ ನೆರೆಯವರನ್ನೂ ಬಿಡಿಸುತ್ತದೆ. ಪಹಣಿಯಾಗಲಿ, ಬೆಳೆ ಸಮೀಕ್ಷೆಯಾಗಲಿ ಇದನ್ನು ತೋರಿಸಲಾರದು, ಏಕೆಂದರೆ ಅವು ಸರ್ವೆ ನಂಬರನ್ನು ಒಂದೊಂದಾಗಿ ನೋಡುತ್ತವೆ. ತೋಡಿಗೆ ಪಹಣಿಯಲ್ಲಿ ಬೆಳೆಯ ಅಂಕಣವಿಲ್ಲ.

ನದಿಗೆ ಹತ್ತಿರದ ತುದಿಯಲ್ಲಿ ಕತೆ ಬೇರೆ. ಅಲ್ಲಿ ಹಡಿಲು ಕೆಳಗಿನಿಂದ ಮೇಲಕ್ಕೆ ಬಂದಿತ್ತು. ಸುವರ್ಣಾ, ಸೀತಾ ಎರಡೂ ಕೋಡಿ ಬೆಂಗ್ರೆಯ ಹತ್ತಿರ ಒಂದಾಗಿ ಸಮುದ್ರ ಸೇರುತ್ತವೆ. ಬೇಸಿಗೆಯ ಭರತದಲ್ಲಿ ಉಪ್ಪುನೀರು ಒಳಕ್ಕೆ ಏರುವುದನ್ನು ತಡೆಯಲು ಕಿಂಡಿ ಅಣೆಕಟ್ಟುಗಳಿಗೆ ಮಳೆ ಮುಗಿದೊಡನೆ ಹಲಗೆ ಹಾಕಬೇಕು. ಹಲಗೆ ತಡವಾದರೆ, ಅಥವಾ ಹಳೆಯ ಹಲಗೆಗಳ ನಡುವೆ ಸೋರಿಕೆಯಿದ್ದರೆ, ಸುಗ್ಗಿಯ ಆಸೆ ಬಿಟ್ಟಂತೆಯೇ. ರೇಡಾರ್ ಚಿತ್ರದಲ್ಲಿ ಈ ಗದ್ದೆಗಳು ಜನವರಿಯಲ್ಲೂ ಕಪ್ಪಾಗಿ ಕಾಣುತ್ತಿದ್ದುದರಿಂದ ಮೊದಲು ನಾವು ಸುಗ್ಗಿ ನಾಟಿ ಎಂದು ಬರೆದುಕೊಂಡಿದ್ದೆವು. ಹೋಗಿ ನೀರನ್ನು ನಾಲಿಗೆಗೆ ಹಚ್ಚಿಕೊಂಡ ಮೇಲೆ ತಿದ್ದಿದೆವು.

ಕೆಲವು ಕಾರಣಗಳಂತೂ ಯಾವ ಉಪಗ್ರಹಕ್ಕೂ ಕಾಣುವಂಥವಲ್ಲ. ಮುಂಬಯಿಯಲ್ಲೋ ಕೊಲ್ಲಿ ದೇಶದಲ್ಲೋ ಇರುವ ನಾಲ್ಕು ಜನ ಪಾಲುದಾರರ ಹೆಸರಿನಲ್ಲಿ ಉಳಿದ ಗದ್ದೆ. ನಾಟಿಗೆ ಆಳು ಸಿಗದ್ದು. ಯಂತ್ರದ ನಾಟಿಗೆ ಬೈಲಿನ ಕೆಸರು ಒಗ್ಗದ್ದು. ಇವೆಲ್ಲ ಪತ್ರಿಕೆಗಳಲ್ಲಿ ಆಗಾಗ ಬರುವ ಮಾತುಗಳು, ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಜಗಲಿಯಲ್ಲಿ ದನಿ ತಗ್ಗಿಸಿ ಹೇಳಿದ ಒಂದು ಕಾರಣವನ್ನು ಬರೆಯಲೇಬೇಕು. 1974ರ ಭೂಸುಧಾರಣಾ ತಿದ್ದುಪಡಿಯಲ್ಲಿ ಗೇಣಿ ರದ್ದಾಗಿ ಉಳುವವನೇ ಒಡೆಯನಾದ ಕಾನೂನು ಈ ಜಿಲ್ಲೆಯ ಅಸಂಖ್ಯ ಕುಟುಂಬಗಳಿಗೆ ಅನ್ನದ ದಾರಿಯಾಯಿತು. ಅದೇ ನೆನಪು ಇಂದು ಇನ್ನೊಂದು ರೀತಿಯಲ್ಲಿ ಕೆಲಸ ಮಾಡುತ್ತಿದೆ: ಪಕ್ಕದವರಿಗೆ ಎರಡು ವರ್ಷ ಬೇಸಾಯಕ್ಕೆ ಕೊಟ್ಟರೆ ನಾಳೆ ಹಕ್ಕು ಕೇಳಿಯಾರು ಎಂಬ ಅಂಜಿಕೆಯಿಂದ, ತಾವೂ ಮಾಡದೆ, ಮಾಡಲು ಬಲ್ಲವರಿಗೂ ಕೊಡದೆ ಗದ್ದೆಯನ್ನು ಹಾಗೆಯೇ ಬಿಟ್ಟವರಿದ್ದಾರೆ. ಹಿಂದೊಮ್ಮೆ ಗೇಣಿದಾರರಾಗಿದ್ದವರ ಮಕ್ಕಳೇ ಈಗ ಈ ಅಂಜಿಕೆಯ ಒಡೆಯರು.

ಸೂಚ್ಯಂಕದ ಕಣ್ಣಿಗೆ ಹಡಿಲು

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹದಿನೈದನೆಯದು ನೆಲದ ಮೇಲಿನ ಜೀವಸಂಕುಲವನ್ನು ಕುರಿತದ್ದು. ಅದರ 15.3.1 ಎಂಬ ಸೂಚಕ, ದೇಶದ ಭೂಮಿಯಲ್ಲಿ ಎಷ್ಟು ಪಾಲು ಶಿಥಿಲವಾಗಿದೆ ಎಂಬುದನ್ನು ಭೂಹೊದಿಕೆ, ಭೂಮಿಯ ಉತ್ಪಾದಕತೆ, ಮಣ್ಣಿನ ಸಾವಯವ ಇಂಗಾಲ ಎಂಬ ಮೂರರ ಆಧಾರದ ಮೇಲೆ ಅಳೆಯುತ್ತದೆ. ಮೂರರಲ್ಲಿ ಒಂದು ಕೆಟ್ಟರೂ ಆ ಜಾಗ ಶಿಥಿಲವೆಂದೇ ಲೆಕ್ಕ. ಉತ್ಪಾದಕತೆಯನ್ನು ಅಳೆಯಲು ಸಾಮಾನ್ಯವಾಗಿ ಬಳಸುವುದು ಎನ್‌ಡಿವಿಐಯ ದೀರ್ಘಕಾಲದ ಏರಿಳಿತವನ್ನು, ಅದೂ ಜಗತ್ತಿನ ಮಟ್ಟದಲ್ಲಿ ಹೆಚ್ಚಾಗಿ 250 ಮೀಟರಿನ ಚೌಕಗಳಲ್ಲಿ. ಅಂಥ ಒಂದು ಚೌಕಕ್ಕೆ ಹದಿನೈದು ಎಕರೆಗೂ ಮೀರಿದ ವಿಸ್ತಾರವಿದೆ. ನಮ್ಮ ಬೈಲಿನಂಥ ಜಾಗದಲ್ಲಿ ಅದರೊಳಗೆ ಗದ್ದೆ, ತೋಡು, ತೆಂಗಿನ ತೋಟ, ದೈವಸ್ಥಾನ, ಏಳೆಂಟು ಮನೆ ಎಲ್ಲವೂ ಸೇರಿಹೋಗುತ್ತವೆ.

ಗಾತ್ರದ ತೊಡಕಿಗಿಂತ ಅರ್ಥದ ತೊಡಕು ಹೆಚ್ಚು ಗಂಭೀರ. ಗದ್ದೆ ಹಡಿಲಾಗಿ ಪೊದೆ ಬೆಳೆದಾಗ ಎನ್‌ಡಿವಿಐ ಏರುತ್ತದೆ, ಅಂದರೆ ಉತ್ಪಾದಕತೆ ಹೆಚ್ಚಿತು ಎಂದು ಲೆಕ್ಕವಾಗುತ್ತದೆ. ಪೊದೆ ಮರವಾದಾಗ ಬೇಸಾಯದ ಭೂಮಿ ಮರಗಳ ಭೂಮಿಯಾಯಿತು ಎಂದು ಭೂಹೊದಿಕೆಯ ಪಟ್ಟಿಯಲ್ಲಿ ಬರುತ್ತದೆ. ಅದನ್ನೂ ಸಾಮಾನ್ಯ ನಿಯಮದ ಪ್ರಕಾರ ಸುಧಾರಣೆ ಎಂದೇ ಗಣಿಸುತ್ತಾರೆ. ತೋಡು ಹೂಳಿ, ನೆರೆಯವನ ಸುಗ್ಗಿ ತಪ್ಪಿ, ನೀರು ಹಿಡಿದಿಟ್ಟುಕೊಳ್ಳುವ ಪುಣಿಗಳೆಲ್ಲ ಕುಸಿದ ಬೈಲು ಹೀಗೆ ಜಾಗತಿಕ ನಕ್ಷೆಯಲ್ಲಿ ಸುಧಾರಿಸಿದ ಭೂಮಿಯಾಗಿ ಹಸಿರು ಬಣ್ಣ ಹೊತ್ತು ಕೂರಬಹುದು. ನಮ್ಮ ಮೊದಲ ನಕ್ಷೆಯನ್ನು ಕಂಡು ಹಿರಿಯರು ನಕ್ಕದ್ದು ಇದಕ್ಕೂ ಸಲ್ಲುತ್ತದೆ. ಪೊದೆಯೂ ಪಕ್ಷಿಗಳಿಗೆ ನೆಲೆ, ಅದಕ್ಕೂ ಬೆಲೆಯಿದೆ ಎಂದು ವಾದಿಸುವ ಗೆಳೆಯರಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಇಲ್ಲಿನ ಅನುಭವದಲ್ಲಿ ಹಡಿಲು ಕಾಡಾಗಿ ಉಳಿಯುವುದು ಅಪರೂಪ. ಅದು ಗದ್ದೆ ತುಂಬಿಸಲು ಲಾರಿಯಲ್ಲಿ ಕೆಂಪು ಮಣ್ಣು ಬರುವವರೆಗಿನ ನಡುವಣ ಅವಸ್ಥೆ.

ಕಾನೂನಿನ ಕಣ್ಣಿಗೂ ಬೈಲು ಹೆಚ್ಚು ಬೀಳುವುದಿಲ್ಲ. ಜೌಗು ಪ್ರದೇಶಗಳನ್ನು ಕುರಿತ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದ ವರ್ಗೀಕರಣದಲ್ಲಿ ಭತ್ತದ ಗದ್ದೆಗಳು ಮಾನವ ನಿರ್ಮಿತ ಜೌಗು ಪ್ರದೇಶಗಳೊಳಗೆ ಬರುತ್ತವೆ. ನಮ್ಮ ದೇಶದ 2017ರ ಜೌಗು ಪ್ರದೇಶ ನಿಯಮಗಳು ಭತ್ತದ ಗದ್ದೆಗಳನ್ನು ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ತಲಪಾಡಿಯ ಗಡಿ ದಾಟಿದರೆ ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಭೂಮಿಯ ಸಂರಕ್ಷಣೆಗೆಂದೇ 2008ರ ಕಾಯ್ದೆ ಇದೆ, ಪಂಚಾಯತಿವಾರು ಗದ್ದೆಗಳ ದತ್ತಾಂಶ ಪಟ್ಟಿಯೂ ಇದೆ, ಆ ಪಟ್ಟಿಯ ತಕರಾರುಗಳನ್ನು ತೀರಿಸಲು ಹಳೆಯ ಉಪಗ್ರಹ ಚಿತ್ರಗಳನ್ನು ತರಿಸಿ ನೋಡುವ ಪದ್ಧತಿಯೂ ಇದೆ. ಅಲ್ಲಿ ಎಲ್ಲ ಸರಿಯಾಗಿದೆ ಎಂದಲ್ಲ. ಪಟ್ಟಿಯಿಂದ ಹೊರಬರಲು ಅರ್ಜಿ ಹಾಕುವವರ ಸಾಲು ಅಲ್ಲಿ ಉದ್ದವಾಗಿದೆ. ಆದರೂ ಒಂದು ಗದ್ದೆ ಇಂಥ ದಿನ ಗದ್ದೆಯಾಗಿತ್ತು ಎಂಬುದಕ್ಕೆ ಚಿತ್ರ ಸಾಕ್ಷಿ ಹೇಳುವ ಅವಕಾಶವಂತೂ ಇದೆ.

ಘಟಕವನ್ನು ಬದಲಿಸಿದ್ದು

ಇಷ್ಟಾದ ಮೇಲೆ ನಾವು ಮಾಡಿದ ತೀರ್ಮಾನ ಎರಡು. ಮೊದಲನೆಯದು, ಹಡಿಲಿನ ಲೆಕ್ಕವನ್ನು ಸರ್ವೆ ನಂಬರಿನಂತೆ ಇಡುವುದನ್ನು ಬಿಟ್ಟು ತೋಡಿನ ತುಂಡಿನಂತೆ ಇಡುವುದು. ತೋಡಿಗೆ ಅಡ್ಡವಾಗಿ ನೀರು ನಿಲ್ಲಿಸುವ ಒಡ್ಡಿಗೆ ಇಲ್ಲಿ ಕಟ್ಟ ಎನ್ನುತ್ತಾರೆ; ಕಟ್ಟದಿಂದ ಕಟ್ಟಕ್ಕೆ ಒಂದು ತುಂಡು. ಆ ತುಂಡಿನಿಂದ ನೀರು ಪಡೆಯುವ ಅಥವಾ ಅದಕ್ಕೆ ನೀರು ಬಿಡುವ ಎಲ್ಲ ಗದ್ದೆಗಳು ಒಂದು ಗುಂಪು. ಹೀಗೆ ಮಾಡಿದಾಗ ಒಂದು ಅನುಕೂಲ ತಾನಾಗಿ ಒದಗಿತು: ಹತ್ತು ಸೆಂಟ್ಸಿನ ಒಂಟಿ ಗದ್ದೆಯ ಬಗ್ಗೆ ಅನುಮಾನದಿಂದ ಮಾತಾಡುವ ರೇಡಾರ್, ಮೂರು ನಾಲ್ಕು ಎಕರೆಯ ಗುಂಪಿನ ಬಗ್ಗೆ ಧೈರ್ಯದಿಂದ ಮಾತಾಡುತ್ತದೆ, ಏಕೆಂದರೆ ನೂರಕ್ಕೂ ಮೀರಿದ ಚೌಕಗಳ ಸರಾಸರಿಯಲ್ಲಿ ಕಲೆಗಳು ಪರಸ್ಪರ ಕಳೆದುಹೋಗುತ್ತವೆ. ಊರಿನವರಿಗೂ ಅದು ಒಪ್ಪಿಗೆಯಾಯಿತು. ‘ಇಂಥವರ ಗದ್ದೆ ಹಡಿಲು’ ಎಂದರೆ ಜಗಳ. ‘ಮೇಲಿನ ಕಟ್ಟದ ಕೆಳಗೆ ನೀರು ನಿಲ್ಲುತ್ತಿಲ್ಲ’ ಎಂದರೆ ಚರ್ಚೆ.

ಎರಡನೆಯದು, ನಕ್ಷೆಯನ್ನು ಯಾರಿಗೆ ತೋರಿಸಬೇಕು ಎಂಬುದು. ಬಿಟ್ಟ ಗದ್ದೆಗಳ ಪಟ್ಟಿ, ಸರ್ವೆ ನಂಬರು ಸಹಿತ, ಒಂದು ಸ್ಪರ್ಶದಲ್ಲಿ ಎಲ್ಲರ ಮೊಬೈಲಿಗೆ ಹೋಗುವಂತಿದ್ದರೆ ಅದನ್ನು ಮೊದಲು ತೆರೆದು ನೋಡುವವರು ಕೃಷಿಕರಾಗಿರುವುದಿಲ್ಲ, ಜಾಗದ ದಲ್ಲಾಳಿಗಳಾಗಿರುತ್ತಾರೆ. ಇದನ್ನು ಊಹೆಯಾಗಿ ಹೇಳುತ್ತಿಲ್ಲ. ನಮ್ಮ ನಡಿಗೆಯ ಸುದ್ದಿ ಹಬ್ಬಿದ ವಾರದಲ್ಲೇ ನಮ್ಮಲ್ಲೊಬ್ಬರಿಗೆ ‘ಮಾರುವವರ ಲಿಸ್ಟ್ ಉಂಟಾ’ ಎಂಬ ಕರೆ ಬಂದಿತ್ತು. ನಕ್ಷೆಗಳ ಬಗ್ಗೆ ಕೇಂದ್ರ ಸರಕಾರದ 2021ರ ಫೆಬ್ರವರಿಯ ಮಾರ್ಗಸೂಚಿ ಮತ್ತು 2022ರ ರಾಷ್ಟ್ರೀಯ ಭೂಪ್ರಾದೇಶಿಕ (ಜಿಯೋಸ್ಪೇಷಿಯಲ್) ನೀತಿಯ ನಂತರ ನಕ್ಷೆ ಮಾಡುವುದು, ಹಂಚುವುದು ಮೊದಲಿಗಿಂತ ಸುಲಭವಾಗಿದೆ, ಅದು ಒಳ್ಳೆಯದೇ; ಆದರೆ ಹಂಚಲು ಅನುಮತಿ ಇದೆ ಎಂಬ ಒಂದೇ ಕಾರಣಕ್ಕೆ ಹಂಚಬೇಕಾಗಿಲ್ಲ. ಗುಂಪಿನ ಮಟ್ಟದ ನಕ್ಷೆಯನ್ನು ಪಂಚಾಯತಿಗೆ ಕೊಟ್ಟೆವು, ಗದ್ದೆ ಮಟ್ಟದ್ದನ್ನು ಬೈಲಿನವರಲ್ಲೇ ಉಳಿಸಿದೆವು.

ಈಗ ನಡೆಯುವ ಕ್ರಮ ಸರಳವಾಗಿದೆ. ಪತ್ತನಾಜೆಯ ಹೊತ್ತಿಗೆ, ಮೇ ಕೊನೆಯ ವಾರದಲ್ಲಿ, ತೋಡಿನ ತುಂಡುಗಳನ್ನು ನಡೆದು ನೋಡಿ ಎಲ್ಲಿ ಹೂಳಿದೆ ಎಂದು ಬರೆಯುತ್ತಾರೆ. ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗಿನ ಸೆಂಟಿನೆಲ್-1 ಚಿತ್ರಗಳನ್ನು ಇಳಿಸಿಕೊಂಡು ಯಾವ ಗುಂಪಿನಲ್ಲಿ ಕನ್ನಡಿ ಕಂಡಿತು ಎಂದು ಗುರುತಿಸುತ್ತೇವೆ. ನವೆಂಬರಿನಲ್ಲಿ ಸೆಂಟಿನೆಲ್-2ರ ಕುಸಿತವನ್ನು ನೋಡಿ ತಾಳೆ ಹಾಕುತ್ತೇವೆ. ಹಲಗೆ ಹಾಕಿದ ದಿನಾಂಕವನ್ನು ಪಕ್ಕದಲ್ಲಿ ಬರೆಯುತ್ತೇವೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನೈಸಾರ್ ಉಪಗ್ರಹದ ರೇಡಾರ್ ಇನ್ನೂ ಉದ್ದದ ತರಂಗವನ್ನು ಬಳಸುತ್ತದೆ. ಅದರ ಸುಮಾರು 24 ಸೆಂಟಿಮೀಟರಿನ ತರಂಗ ಎಲೆಗಳನ್ನು ಹಾದು ಪೊದೆಯ ಬುಡದ ನೀರನ್ನೂ ಮುಟ್ಟಬಲ್ಲದು. ಹೊಸದಾಗಿ ಬಿಟ್ಟ ಹುಲ್ಲು ಹಡಿಲನ್ನೂ ಹಳೆಯ ಮರ ಹಡಿಲನ್ನೂ ಬೇರ್ಪಡಿಸಲು ಅದನ್ನು ಬಳಸಿ ನೋಡುವ ಯೋಚನೆಯಿದೆ.

ನಕ್ಷೆಯಲ್ಲಿ ಎಲ್ಲಕ್ಕಿಂತ ಕೆಟ್ಟದಾಗಿ ಕಂಡ ತುಂಡು ಮೇಲಿನ ಕಟ್ಟದ ಕೆಳಗಿನದಾಗಿತ್ತು. ಆ ವರ್ಷ ಅಲ್ಲಿನ ನಾಲ್ಕೈದು ಮನೆಯವರು ಸೇರಿ ತೋಡನ್ನು ಬಿಡಿಸಿದರು. ಊರಲ್ಲಿಲ್ಲದ ಪಾಲುದಾರರ ಭಾಗದ ಹೂಳನ್ನು ಅವರ ಒಪ್ಪಿಗೆಯನ್ನು ಫೋನಿನಲ್ಲಿ ಪಡೆದು ತೆಗೆದರು. ಜುಲೈಯ ಎರಡನೇ ಚಿತ್ರದಲ್ಲಿ ಆ ಗುಂಪಿನ ಕೆಳಗಿನ ಗದ್ದೆಗಳು ಕಪ್ಪಾಗಿ ಕಂಡವು, ಅಕ್ಟೋಬರಿನಲ್ಲಿ ಹಸಿರೂ ಕುಸಿಯಿತು. ಮೇಲಿನ ಗದ್ದೆ, ಹಡಿಲು ಮೊದಲು ಹೊರಟ ಆ ಗದ್ದೆ, ಎರಡೂ ಚಿತ್ರಗಳಲ್ಲಿ ಬಣ್ಣ ಬದಲಿಸಲಿಲ್ಲ. ಅದರ ಪಾಲುದಾರರಲ್ಲಿ ಮೂವರು ಒಪ್ಪಿದ್ದಾರೆ, ನಾಲ್ಕನೆಯವರ ಉತ್ತರ ಇನ್ನೂ ಬಂದಿಲ್ಲ.